ಇಪ್ಪತ್ತಮೂರು ಹೆಸರಿನ ಕೌದಿ

2024ರ ಮೇ 7ರಂದು ಧಾರವಾಡದಲ್ಲಿ ಲೋಕಸಭೆಗೆ ಮತದಾನ ನಡೆಯಿತು. ನಾವು ಕೌದಿ ಹೊಲಿಯಲು ಕುಳಿತದ್ದು ಜೂನ್ ಎರಡನೆಯ ವಾರ. ಅಷ್ಟು ಹೊತ್ತಿಗೆ ಎಲ್ಲರ ಎಡಗೈ ತೋರುಬೆರಳಿನ ಶಾಯಿ ಚರ್ಮದಿಂದ ಹೋಗಿ ಉಗುರಿನ ಮೇಲೆ ಮಾತ್ರ ಉಳಿದಿತ್ತು. ಬುಡದಲ್ಲಿ ಹೊಸ ಉಗುರಿನ ಬಿಳಿ ಗೆರೆ, ಅದರ ಮೇಲೆ ಕಂದು ಪಟ್ಟಿ. ಸೂಜಿಗೆ ದಾರ ಪೋಣಿಸುವಾಗ ಕೈ ಮುಖದ ಹತ್ತಿರ ಬರುತ್ತದಲ್ಲ, ಆಗ ಅದು ಕಣ್ಣಿಗೆ ಬಿತ್ತು. ನಾನು ಬರೆದುಕೊಂಡು ಹೋಗಿದ್ದ ಚಿತ್ರಗಳಿಗಿಂತ ಅದೇ ಮೇಲು ಎಂದು ತಿಳಿಯಲು ಇನ್ನೂ ಹದಿನೈದು ದಿನ ಬೇಕಾಯಿತು.

ನಾನು ಚಿತ್ರಕಲೆ ಕಲಿಸುವವಳು. ಮತದಾನದ ಬಗ್ಗೆ ಹೆಣ್ಣುಮಕ್ಕಳೇ ಸೇರಿ ಒಂದು ಕೃತಿ ಮಾಡಬೇಕು ಎಂಬ ಹುಚ್ಚು ನನಗೆ ಹಳೆಯದು. ಊರ ಪಕ್ಕದ ಹಳ್ಳಿಯೊಂದರಲ್ಲಿ, ಸ್ವಸಹಾಯ ಸಂಘದ ಸಭೆ ನಡೆಯುವ ಕೋಣೆಯಲ್ಲಿ, ಇಪ್ಪತ್ತಮೂರು ಜನ ಒಪ್ಪಿದರು. ಚಿಕ್ಕವಳಿಗೆ ಹತ್ತೊಂಬತ್ತು ವರ್ಷ, ಎಲ್ಲರಿಗಿಂತ ಹಿರಿಯ ಅಜ್ಜಿಗೆ ಎಂಬತ್ತೊಂಬತ್ತು. ಮೊದಲ ದಿನ ಟ್ರೇಸಿಂಗ್ ಹಾಳೆಯ ಮೇಲೆ ಮತಪೆಟ್ಟಿಗೆ, ಶಾಯಿಯ ಬೆರಳು, ಸಾಲಿನಲ್ಲಿ ನಿಂತ ಹೆಂಗಸರು ಎಲ್ಲವನ್ನೂ ಬರೆದುಕೊಂಡು ಹೋಗಿದ್ದೆ. ಜೊತೆಗೆ ದೊಡ್ಡ ಪಟಗಳು: 1917ರಲ್ಲಿ ಮದ್ರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರ ಮುಂದೆ ಹೆಂಗಸರಿಗೂ ಮತದ ಹಕ್ಕು ಬೇಕೆಂದು ಕೇಳಿದ ನಿಯೋಗದ ಸರೋಜಿನಿ ನಾಯ್ಡು, 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಅರ್ಧ ಗಂಟೆ ಮಾತನಾಡಿದೆ. ಮುಗಿದ ಮೇಲೆ ಒಬ್ಬಾಕೆ ಕೇಳಿದಳು, "ಇವರು ನಿಮ್ಮ ಬಳಗದವರೇನು, ಅಕ್ಕಾ?"

ಮುಂದಿನ ಹದಿನೈದು ದಿನ ಅವರು ನನ್ನ ಚಿತ್ರಗಳನ್ನು ಶಾಲೆಯ ಮನೆಗೆಲಸದಂತೆ ಹೊಲಿದರು. ಗೆರೆ ತಪ್ಪಲಿಲ್ಲ, ಜೀವವೂ ಬರಲಿಲ್ಲ. ನಾನು ಮೊಬೈಲ್ ನಡುವೆ ಇಟ್ಟು, ರೆಕಾರ್ಡ್ ಗುಂಡಿ ಒತ್ತಿ, "ಮತ ಹಾಕುವಾಗ ನಿಮಗೆ ಏನನ್ನಿಸುತ್ತದೆ?" ಎಂದು ಕೇಳುತ್ತಿದ್ದೆ. "ಏನನ್ನಿಸುತ್ತದೆ? ಮನೆಯವರು ಹೇಳಿದವರಿಗೆ ಹಾಕಿ ಬರುತ್ತೇವೆ" ಎಂದು ಎಲ್ಲರೂ ಒಂದೇ ರಾಗ. ಒಂದು ದಿನ ಮೊಬೈಲಿನ ಚಾರ್ಜ್ ಮುಗಿಯಿತು. ಅಂದು ನಾನೂ ಸೂಜಿ ಹಿಡಿದು ಸುಮ್ಮನೆ ಕುಳಿತೆ. ಕೈಗೆ ಕೆಲಸ ಇದ್ದು, ಕಣ್ಣು ಬಟ್ಟೆಯ ಮೇಲೆ ಇದ್ದಾಗ, ಯಾರ ಮುಖವನ್ನೂ ಯಾರೂ ನೋಡಬೇಕಿಲ್ಲದಾಗ, ಮಾತು ತಾನಾಗಿ ಹೊರಡುತ್ತದೆ. ಆಮೇಲೆ ಮೊಬೈಲನ್ನು ಚೀಲದಿಂದ ತೆಗೆಯಲೇ ಇಲ್ಲ.

ಮೊದಲು ಮಾತು ತೆಗೆದದ್ದು ಅಜ್ಜಿ. ಆಕೆ ಮೊದಲು ಮತ ಹಾಕಿದ್ದು 1957ರಲ್ಲಿ. ಕರ್ನಾಟಕ ಒಂದಾಗಿ ಆಗಿನ್ನೂ ಕೆಲವೇ ತಿಂಗಳು. ಆ ಕಾಲದಲ್ಲಿ ಮತಪತ್ರಕ್ಕೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ, ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಬೇಕು. "ಜೋಡೆತ್ತಿನ ಪೆಟ್ಟಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ" ಎಂದಳು ಅಜ್ಜಿ. ಆದರೆ ಪೆಟ್ಟಿಗೆಯವರೆಗೆ ಹೋಗುವುದೇ ಕಷ್ಟವಾಗಿತ್ತಂತೆ. ಮೇಜಿನ ಹಿಂದಿದ್ದ ಅಧಿಕಾರಿ ಹೆಸರು ಕೇಳಿದ. ಅತ್ತೆ ಮುಂದೆ ಬಂದು ಮಗನ ಹೆಸರು ಹೇಳಿ, "ಅವನ ಹೆಂಡತಿ" ಎಂದಳು. ಆತ ಬಿಡಲಿಲ್ಲ, "ನಿನ್ನ ಹೆಸರು ಹೇಳವ್ವಾ" ಎಂದ. ಇವಳು ತವರಿನ ಹೆಸರು ಹೇಳಿದಳು. ಪಟ್ಟಿಯಲ್ಲಿದ್ದದ್ದು ಮದುವೆಯಲ್ಲಿ ಇಟ್ಟ ಹೆಸರು. ಬದಿಗೆ ನಿಲ್ಲಿಸಿದರು. ಊರ ಹಿರಿಯನೊಬ್ಬ ಬಂದು ಗುರುತು ಹೇಳುವವರೆಗೆ ಬಿಸಿಲಿನಲ್ಲಿ ನಿಂತಿದ್ದಳಂತೆ.

ಅದನ್ನು ಕೇಳುವಾಗ ನನಗೆ ಎಂದೋ ಓದಿ ಬದಿಗಿಟ್ಟ ಒಂದು ಸಂಖ್ಯೆ ನೆನಪಾಯಿತು. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸುವಾಗ, ಉತ್ತರದ ಹಲವು ರಾಜ್ಯಗಳಲ್ಲಿ ಹೆಂಗಸರು ಪರಪುರುಷನಿಗೆ ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಹೆಸರು ಕೊಡಲು ಬಿಹಾರಕ್ಕೆ ಹೆಚ್ಚಿನ ಅವಧಿಯನ್ನೂ ಕೊಟ್ಟರು. ಆದರೂ ದೇಶದ ಸುಮಾರು ಎಂಟು ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಜನ ಪಟ್ಟಿಯಿಂದ ಬಿಟ್ಟುಹೋದರು. ಸೇನ್ ಮಾಡಿದ್ದು ಸರಿಯೇ ಎಂದು ನನಗೆ ಅನ್ನಿಸುತ್ತದೆ. ಆದರೆ ಆ 28 ಲಕ್ಷ ಜನ ಮತದಾನದ ದಿನ ಮನೆಯಲ್ಲಿ ಏನು ಮಾಡುತ್ತಿದ್ದರು ಎಂಬುದೂ ಬಿಡದೆ ಕಾಡುತ್ತದೆ.

ಇದನ್ನು ಕೋಣೆಯಲ್ಲಿ ಹೇಳಿದೆ. ಈ ಸಲ ಯಾರೂ ಬಳಗ ಕೇಳಲಿಲ್ಲ. ನನ್ನ ಟ್ರೇಸಿಂಗ್ ಹಾಳೆಗಳು ಅಂದೇ ಒಲೆ ಸೇರಿದವು. 1912ರಲ್ಲಿ ಲಂಡನ್ನಿನ ಹಾಲೊವೇ ಜೈಲಿನಲ್ಲಿ ಮತದ ಹಕ್ಕಿಗಾಗಿ ಬಂಧಿಯಾಗಿದ್ದ ಹೆಂಗಸರು ಒಂದು ಕರವಸ್ತ್ರದ ಮೇಲೆ 66 ಸಹಿಗಳನ್ನು ಕಸೂತಿ ಮಾಡಿದ್ದರು. ಆ ಕರವಸ್ತ್ರ ಇಂದಿಗೂ ಉಳಿದಿದೆ. ನಾವೂ ಹೆಸರನ್ನೇ ಹೊಲಿಯೋಣ ಎಂದು ನಿಶ್ಚಯವಾಯಿತು.

ಹೆಸರು ಹೊಲಿಯುವುದು ಸುಲಭ ಎಂದುಕೊಂಡಿದ್ದೆ. ಯಾವ ಹೆಸರು? ಇಪ್ಪತ್ತಮೂರು ಜನರಲ್ಲಿ ಒಂಬತ್ತು ಜನರಿಗೆ ಎರಡೆರಡು. ಒಬ್ಬಳನ್ನು ತವರಿನ ಹೆಸರಿನಿಂದ ಕರೆದು ಮೂವತ್ತು ವರ್ಷವಾಗಿತ್ತು. ಅಕ್ಷರ ಬಾರದವರಿಗೆ ಬರೆದುಕೊಡಲು ಹೋದೆ. ಅಜ್ಜಿ ಬೇಡ ಎಂದು ಮೊಮ್ಮಗಳಿಂದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಸಿಕೊಂಡು, ಬೆರಳಿನಿಂದ ತಿದ್ದಿ ತಿದ್ದಿ, ಎರಡು ದಿನದ ಮೇಲೆ ಬಟ್ಟೆಗೆ ಬಂದಳು. ಎರಡೂ ಹೆಸರು ಹೊಲಿದಳು, ತವರಿನದನ್ನು ಮೇಲೆ.

ನಮ್ಮ ಕಡೆ ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪು ಕಟ್ಟಿ ಹೇಳುವ ರೂಢಿ ಇದೆಯಷ್ಟೆ. ಮದುವೆಯಲ್ಲಿ, ಕುಬಸದಲ್ಲಿ ಬಾಗಿಲು ತಡೆದು ಕೇಳುತ್ತಾರೆ. ಹತ್ತೊಂಬತ್ತರ ಹುಡುಗಿ ತಮಾಷೆಗೆ, "ಎಲ್ಲರೂ ಈಗ ತಮ್ಮ ಹೆಸರಿಗೇ ಒಡಪು ಹೇಳಬೇಕು" ಎಂದು ಬಾಗಿಲಿಗೆ ಅಡ್ಡ ನಿಂತಳು. ನಗು, ನಾಚಿಕೆ, ತಳ್ಳಾಟ. ಕೊನೆಗೆ ದಿನವಿಡೀ ಬಾಯಿ ಬಿಡದ ಒಬ್ಬಾಕೆ ಹೇಳಿದಳು:

ಕುಸುಬಿಯ ಹೂವಿನ ಮೇಲೆ ಕುಳಿತಿತ್ತು ಜೇನು,
ಪಟ್ಟಿಯಲ್ಲಿ ಹುಡುಕಿದರೆ ಸಿಗುವವಳು ನಾನು.

ಆಮೇಲೆ ತನ್ನ ಹೆಸರು ಹೇಳಿದಳು. ಆ ಒಡಪನ್ನು ಕೌದಿಯ ಅಂಚಿಗೆ ಕೆಂಪು ದಾರದಲ್ಲಿ ಹೊಲಿದಿದ್ದೇವೆ. ಬಂದ ಒಡಪುಗಳಲ್ಲಿ ಅರ್ಧದಷ್ಟನ್ನು ಇಲ್ಲಿ ಬರೆಯುವಂತಿಲ್ಲ.

ಕೆಲಸದ ತಪ್ಪುಗಳು ಎಲ್ಲವೂ ನನ್ನವು. ಎಲ್ಲರಿಗೂ ಹತ್ತು ಇಂಚಿನ ತುಂಡು ಕತ್ತರಿಸಿ ಕೊಟ್ಟಿದ್ದೆ. "ಮನೆಯಲ್ಲಿದ್ದ ಸೀರೆಯೂ ಆಗುತ್ತದೆ" ಎಂದು ಉದಾರವಾಗಿ ಹೇಳಿದ್ದರಿಂದ ಇಳಕಲ್ಲಿನ ಪಕ್ಕದಲ್ಲಿ ಪಾಲಿಯೆಸ್ಟರ್ ಬಂತು. ಹತ್ತಿ ಬಟ್ಟೆ ದಾರವನ್ನು ಹಿಡಿದುಕೊಳ್ಳುತ್ತದೆ, ಪಾಲಿಯೆಸ್ಟರ್ ಜಾರುತ್ತದೆ. ಸಾಲು ಎಳೆದಾಗ ಒಂದು ಕಡೆ ನೆರಿಗೆ, ಇನ್ನೊಂದು ಕಡೆ ಉಬ್ಬು. ನಾಲ್ಕು ದಿನದ ಹೊಲಿಗೆ ಬಿಚ್ಚಿದೆವು. ಕೌದಿಯನ್ನು ಅಂಚಿನಿಂದ ಹಿಡಿದು ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತ ಬರುತ್ತಾರೆ. ನಾನು ಚೌಕಟ್ಟು ಕಟ್ಟಿದ ಚಿತ್ರದಂತೆ ನಡುವಿನಿಂದ ಶುರು ಮಾಡಿಸಿದ್ದೆ; ಅದನ್ನೂ ಬದಲಿಸಬೇಕಾಯಿತು. ಅಜ್ಜಿ ಮೊದಲ ದಿನವೇ ನೋಡಿ ಸುಮ್ಮನಿದ್ದಳು. ಯಾಕೆ ಹೇಳಲಿಲ್ಲ ಎಂದರೆ, "ಕಲಿಸಲು ಬಂದವಳು ನೀನಲ್ಲವೇ, ತಂಗಿ?"

ಬೆರಳಿನ ಗುರುತಿಗೆ ನಿಜವಾದ ಶಾಯಿಯೇ ಬೇಕೆಂದು ಹಟ ಹಿಡಿದಿದ್ದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದ ಅದನ್ನು ಚುನಾವಣೆಗಳಿಗೆ ಪೂರೈಸುತ್ತಿದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಬೆಳಕು ತಾಗಿದಂತೆ ಕಪ್ಪಾಗುತ್ತದೆ. ಆದರೆ ಅದು ಅಂಗಡಿಯಲ್ಲಿ ಸಿಗುವ ಮಾಲಲ್ಲ. ನೇರಳೆ ಹಣ್ಣಿನ ಕಾಲವಾಗಿತ್ತು. ರಸ ಹಿಂಡಿ, ಎಡಗೈ ಬೆರಳು ಅದ್ದಿ, ಹೆಸರಿನ ಕೆಳಗೆ ಒತ್ತಿದೆವು. ಒಂದು ಒಗೆತಕ್ಕೆ ಚಹಾ ಚೆಲ್ಲಿದ ಬಣ್ಣಕ್ಕೆ ಬಂತು. ಆ ಕಲೆಯ ಸುತ್ತ ನೇರಳೆ ದಾರದಲ್ಲಿ ಉಗುರಿನ ಆಕಾರ ಹೊಲಿದು, ಬುಡದಲ್ಲಿ ಒಂದು ಬಿಳಿ ಗೆರೆ ಬಿಟ್ಟೆವು.

ಒಂದು ಕಟ್ಟಳೆ ಮಾತ್ರ ಮೊದಲ ದಿನದಿಂದ ಇತ್ತು: ಯಾರಿಗೆ ಮತ ಹಾಕಿದಿರಿ ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ಕೊನೆಯ ದಿನ ಕೌದಿಯ ನಡುವೆ ಅಂಗೈ ಹಿಡಿಸುವಷ್ಟು ಬಾಯಿ ಉಳಿದಿತ್ತು. ಹಸಿದ ಹೊಟ್ಟೆಯಲ್ಲಿ ಕೌದಿಯ ಬಾಯಿ ಮುಚ್ಚಬಾರದು ಎಂದು ಅಜ್ಜಿ ರೊಟ್ಟಿಯ ಒಂದು ಚೂರನ್ನು ಒಳಗಿಟ್ಟಳು. ಆಗ ಕುಸುಬಿ ಹೂವಿನ ಒಡಪು ಹೇಳಿದವಳು ಸೆರಗಿನ ಗಂಟಿನಿಂದ ಮಡಚಿದ ಬಟ್ಟೆಯ ತುಂಡೊಂದನ್ನು ತೆಗೆದಳು. ಮನೆಯಲ್ಲಿ ರಾತ್ರಿ ಕುಳಿತು ಏನನ್ನೋ ಹೊಲಿದು ತಂದಿದ್ದಳು. "ಇದನ್ನೂ ಒಳಗಿಡಲೇ?" ಎಂದಳು. ನಾನು ನೋಡಲು ಕೈ ಚಾಚಿದೆ. ಅವಳು ಕೊಡಲಿಲ್ಲ. "ಕೇಳಬಾರದು ಎಂದು ನೀವೇ ಹೇಳಿದ್ದಿರಿ, ಅಕ್ಕಾ." ರೊಟ್ಟಿಯ ಪಕ್ಕದಲ್ಲಿ ಅದನ್ನು ಇಟ್ಟು, ಬಾಯಿ ಮುಚ್ಚಿ, ಗಂಟನ್ನೂ ತಾನೇ ಹಾಕಿದಳು. ಕೌದಿಯ ಆ ಜಾಗದಲ್ಲಿ ಕೈಯಾಡಿಸಿದರೆ ಸ್ವಲ್ಪ ದಪ್ಪ ಸಿಗುತ್ತದೆ.