ಡೀಸೆಲ್ ಟ್ಯಾಂಕಿಗೆ ಬಿಸಿನೀರು ಹುಯ್ದು ಲೋಡರ್ ಉಳಿಸಿಕೊಂಡೆ

ನಾನು ಡೀಸೆಲ್ ಟ್ಯಾಂಕಿಗೆ ಬಿಸಿನೀರು ಹುಯ್ಯುತ್ತಿದ್ದಾಗ ಕ್ರಷರ್‌ನ ಟಿಪ್ಪರ್ ಡ್ರೈವರ್‌ಗಳೆಲ್ಲ ಸುತ್ತ ನಿಂತಿದ್ದರು. "ಅಣ್ಣಂಗೆ ತಲೆ ಕೆಟ್ಟಿದೆ ಕಣ್ರೋ" ಅಂತ ಒಬ್ಬ ಅಂದದ್ದು ನನ್ನ ಕಿವಿಗೇ ಬಿತ್ತು. ಮೂವತ್ತು ವರ್ಷ ಡೀಸೆಲ್ ಪಂಪು, ನಾಜಲ್ (ಎಂಜಿನ್‌ಗೆ ಡೀಸೆಲ್ ಸಿಂಪಡಿಸುವ ಭಾಗ) ಕೆಲಸ ಮಾಡಿದ ಹಿರಿಯ ಮೆಕ್ಯಾನಿಕ್ಕು ಕೂಡ "ನಾನಿದಕ್ಕೆ ಕೈ ಹಾಕಲ್ಲ, ನೀವೇ ಮಾಡ್ಕೊಳಿ" ಅಂತ ಹೊರಟುಹೋಗಿದ್ದರು. ಆ ಲೋಡರ್ (ಜಲ್ಲಿ ಎತ್ತಿ ಟಿಪ್ಪರ್‌ಗೆ ತುಂಬುವ ಮೆಷಿನ್) ಅಲ್ಲಿಂದ ಇಲ್ಲಿಗೆ 1,100 ಗಂಟೆಗಿಂತ ಜಾಸ್ತಿ ಓಡಿದೆ. ಅದೇ ಮೆಕ್ಯಾನಿಕ್ಕು ಹೋದ ತಿಂಗಳು ನನಗೇ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳಿದರು. ಡೀಸೆಲ್ ಟ್ಯಾಂಕಿಗೆ ತಪ್ಪಿ ಯೂರಿಯಾ ಬಿದ್ದರೆ ಏನು ಮಾಡಬೇಕು ಅಂತ ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಶಿವರಾತ್ರಿಗೆ ಸ್ವಲ್ಪ ಮುಂಚೆ ನಡೆದದ್ದು. ಅರಸೀಕೆರೆ ಕಡೆಯ ಒಂದು ಜಲ್ಲಿ ಕ್ರಷರ್‌ಗೆ ನನ್ನ ವೀಲ್ ಲೋಡರ್ ಬಾಡಿಗೆಗೆ ಬಿಟ್ಟಿದ್ದೆ. ರಾತ್ರಿ ಪಾಳಿ. ಹೆಲ್ಪರ್ ಹುಡುಗ ಕೆಲಸಕ್ಕೆ ಸೇರಿ ಹತ್ತು ದಿನವೂ ಆಗಿರಲಿಲ್ಲ. ಆಪರೇಟರ್ ಅವನಿಗೆ "ಯೂರಿಯಾ ಆಯಿಲ್ ಹಾಕು" ಅಂದಿದ್ದಾನೆ. ಅದು ಹೊಗೆ ಶುದ್ಧ ಮಾಡಲು ಬೇರೆ ಸಣ್ಣ ಟ್ಯಾಂಕಿಗೆ ಹಾಕುವ ಯೂರಿಯಾ ನೀರು, ಡಿಇಎಫ್. ನಮ್ಮ ಕಡೆ ಹಾಗಂತ ಯಾರೂ ಕರೆಯಲ್ಲ. ಯೂರಿಯಾ, ಇಲ್ಲಾ ಯೂರಿಯಾ ಆಯಿಲ್. ಆಯಿಲ್ ಅಂದರೆ ಹುಡುಗನ ಲೆಕ್ಕದಲ್ಲಿ ದೊಡ್ಡ ಟ್ಯಾಂಕು, ಅಂದರೆ ಡೀಸೆಲ್ ಟ್ಯಾಂಕು. ಸಾಲದ್ದಕ್ಕೆ ಖಾಲಿಯಾದ ಯೂರಿಯಾ ಕ್ಯಾನ್‌ನಲ್ಲೇ ನಾವು ಡೀಸೆಲ್ ತರಿಸುತ್ತಿದ್ದೆವು. ಅದು ನನ್ನ ತಪ್ಪು. ಎರಡೂ ಬಿಳಿ ಕ್ಯಾನು, ಎರಡೂ 20 ಲೀಟರಿನದು. ಅರ್ಧ ಕ್ಯಾನ್ ಹುಯ್ದಿದ್ದ, ಅಂದಾಜು 9-10 ಲೀಟರ್. ಟ್ಯಾಂಕಿನಲ್ಲಿ ಆಗ ನೂರು-ನೂರಾಹತ್ತು ಲೀಟರ್ ಡೀಸೆಲ್ ಇತ್ತು.

ಲೋಡರ್ ಇಪ್ಪತ್ತು ನಿಮಿಷ ಓಡಿದೆ. ಡೀಸೆಲ್‌ನಲ್ಲಿ ನೀರಿದೆ ಅಂತ ತೋರಿಸುವ ದೀಪ ಹತ್ತಿದೆ, ಪಿಕಪ್ ಬಿದ್ದಿದೆ, ಕೊನೆಗೆ ಆಫ್ ಆಗಿದೆ. ಬೆಳಗಿನ ಜಾವ ನಾಲ್ಕಕ್ಕೆ ಫೋನು. "ಅಣ್ಣಾ, ತಪ್ಪಾಗೋಯ್ತು" ಅಂತ ಹುಡುಗ ಅಳುತ್ತಿದ್ದ. ಅವನನ್ನು ಬೈಯಲಿಲ್ಲ. ನಡೆದದ್ದನ್ನು ಮುಚ್ಚಿಡದೆ ಹೇಳಿದನಲ್ಲ, ಅದರಿಂದಲೇ ಮೆಷಿನ್ ಉಳಿಯಿತು. ಡೀಸೆಲ್‌ನಲ್ಲಿ ನೀರಿತ್ತು ಅಂತ ಸುಮ್ನೆ ಪೆಟ್ರೋಲ್ ಬಂಕಿನ ಮೇಲೆ ತಪ್ಪು ಹಾಕಿ, ಫಿಲ್ಟರ್ ಬದಲಿಸಿ ಓಡಿಸಿಬಿಟ್ಟಿದ್ದರೆ ಪೂರ್ತಿ ಹೋಗುತ್ತಿತ್ತು.

ಬೆಳಿಗ್ಗೆ ಒಂದು ವರ್ಕ್‌ಶಾಪ್‌ನವರು ಬಂದು ನೋಡಿ ಬರೆದುಕೊಟ್ಟ ಲೆಕ್ಕ: ಹೈ ಪ್ರೆಷರ್ ಪಂಪು, ರೈಲು (ನಾಜಲ್‌ಗಳಿಗೆ ಡೀಸೆಲ್ ಹಂಚುವ ದಪ್ಪ ಪೈಪು), ನಾಲ್ಕು ನಾಜಲ್, ಟ್ಯಾಂಕು, ಎಲ್ಲಾ ಪೈಪು. ಒಟ್ಟು 4 ಲಕ್ಷ 80 ಸಾವಿರದ ಹತ್ತಿರ. ಅಷ್ಟು ದುಡ್ಡಿದ್ದಿದ್ದರೆ ನಾನು ಇನ್ನೊಂದು ಹಳೆ ಟಿಪ್ಪರ್‌ಗೆ ಅಡ್ವಾನ್ಸ್ ಕೊಟ್ಟಿರುತ್ತಿದ್ದೆ.

ಮೊದಲ ದಿನ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಟ್ಯಾಂಕ್ ಖಾಲಿ ಮಾಡಿಸಿ, 30 ಲೀಟರ್ ಡೀಸೆಲ್ ಹಾಕಿ ಕುಲುಕಾಡಿಸಿ ತೊಳೆಸಿದೆ. ಎರಡೂ ಫಿಲ್ಟರ್ ಹೊಸದು, ಹಾಸನದ ಬಿ.ಎಂ. ರಸ್ತೆಯಿಂದ ತರಿಸಿದ್ದು, ಸೆಟ್ಟಿಗೆ 3,800 ಅಂತ ನೆನಪು. ಪೈಪಿನಲ್ಲಿದ್ದ ಏರ್ ತೆಗೆದು ಸ್ಟಾರ್ಟ್ ಮಾಡಿದರೆ ಚೆನ್ನಾಗಿಯೇ ಓಡಿತು. ಮೂರು ಗಂಟೆ. ಆಮೇಲೆ ಮತ್ತೆ ಪಿಕಪ್ ಇಲ್ಲ. ಫಿಲ್ಟರ್ ಕುಯ್ದು ನೋಡಿದರೆ ಒಳಗಿನ ಮಡಿಕೆಗಳ ಮೇಲೆ ಸಣ್ಣ ಉಪ್ಪಿನ ಹಾಗೆ ಬಿಳಿ ಪುಡಿ.

ಎರಡನೇ ದಿನ ಮತ್ತೆ 30 ಲೀಟರ್ ಡೀಸೆಲ್, ಮತ್ತೊಂದು ಸೆಟ್ ಫಿಲ್ಟರ್. ಈ ಸಲ ಎರಡೇ ಗಂಟೆ ಓಡಿತು. ಅಲ್ಲಿಗೆ ನಿಲ್ಲಿಸಿದೆ. ಹೀಗೇ ಓಡಿಸುತ್ತಾ ಹೋದರೆ ಆ ಪುಡಿ ಪಂಪಿಗೆ ಹೋಗುತ್ತದೆ. ಕ್ರಷರ್‌ನ ಗೌಡರು ಬೇರೆ ಲೋಡರ್ ತರಿಸಿಕೊಂಡರು, ಬಾಡಿಗೆ ನನ್ನ ಲೆಕ್ಕದಿಂದ ಮುರಿದುಕೊಂಡರು. ಅವರದ್ದೂ ತಪ್ಪಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮದು ತೆಂಗು, ರಾಗಿ ಬೆಳೆಯುವ ಮನೆ. ಚಿಕ್ಕಂದಿನಲ್ಲಿ ಅಪ್ಪ ಬಕೆಟ್ಟಿನಲ್ಲಿ ಯೂರಿಯಾ ಗೊಬ್ಬರ ಕರಗಿಸುವಾಗ ನಾನು ಕೈ ಹಾಕಿ ಕಲಕುತ್ತಿದ್ದೆ. ನೀರು ತಣ್ಣಗೆ ಕೊರೆಯುತ್ತಿತ್ತು. ಅದು ನೆನಪಾದ ಕೂಡಲೇ ಎದ್ದು ಕೂತೆ. ಯೂರಿಯಾ ಕರಗುವುದು ನೀರಿನಲ್ಲಿ. ನಾನು ಎರಡು ದಿನದಿಂದ ಅದನ್ನು ಡೀಸೆಲ್‌ನಲ್ಲಿ ತೊಳೆಯುತ್ತಿದ್ದೆ.

ಬೆಳಿಗ್ಗೆ ಮೂರು ಗಾಜಿನ ಬಾಟಲಿ ತೆಗೆದುಕೊಂಡೆ. ಒಂದರಲ್ಲಿ ಡೀಸೆಲ್, ಒಂದರಲ್ಲಿ ಸೀಮೆಎಣ್ಣೆ, ಒಂದರಲ್ಲಿ ಬಿಸಿನೀರು. ಕುಯ್ದ ಫಿಲ್ಟರಿನ ಬಿಳಿ ಪುಡಿ ಒಂದೊಂದು ಚಿಟಿಕೆ ಹಾಕಿದೆ. ಬಿಸಿನೀರಿನಲ್ಲಿ ಅಲ್ಲಾಡಿಸಿದ ಕೂಡಲೇ ಮಾಯ. ಡೀಸೆಲ್, ಸೀಮೆಎಣ್ಣೆ ಬಾಟಲಿಯಲ್ಲಿ ಸಂಜೆಯಾದರೂ ತಳದಲ್ಲೇ ಕೂತಿತ್ತು. ಆ ಎರಡು ಬಾಟಲಿ ಇನ್ನೂ ನನ್ನ ಶೆಡ್‌ನಲ್ಲಿವೆ, ನಂಬದವರಿಗೆ ತೋರಿಸಲು.

ಡಿಇಎಫ್‌ನಲ್ಲಿ ಇರುವುದು ನೂರಕ್ಕೆ 32.5 ಭಾಗ ಯೂರಿಯಾ, ಮಿಕ್ಕಿದ್ದು ಶುದ್ಧ ನೀರು. ಅದು ಡೀಸೆಲ್‌ಗಿಂತ ತೂಕ, ಲೀಟರಿಗೆ 1 ಕೆಜಿ 90 ಗ್ರಾಂ ಹತ್ತಿರ. ಡೀಸೆಲ್ 830 ಗ್ರಾಂ ಆಸುಪಾಸು. ಅದಕ್ಕೇ ತಳಕ್ಕೆ ಹೋಗಿ ಕೂರುತ್ತದೆ, ಪಂಪು ಮೊದಲು ಎಳೆದುಕೊಳ್ಳುವುದೂ ಅದನ್ನೇ. ನೀರು ಆರಿದ ಕಡೆಯೆಲ್ಲ ಯೂರಿಯಾ ಹರಳು ಉಳಿಯುತ್ತದೆ. ಆ ಹರಳಿಗೆ ಡೀಸೆಲ್ ಏನೂ ಮಾಡಲ್ಲ.

ಇನ್ನು ನೀರು. ಅರಸೀಕೆರೆ ಕಡೆಯ ಬೋರ್‌ವೆಲ್ ನೀರು ಎಂಥದ್ದು ಅಂತ ನಿಮಗೆ ಗೊತ್ತಲ್ವಾ. ಹಂಡೆಯ ಒಳಗೆ ಬೆರಳು ದಪ್ಪ ಸುಣ್ಣ ಕಟ್ಟುತ್ತದೆ. ಆ ನೀರಿನಲ್ಲಿ ತೊಳೆದರೆ ಯೂರಿಯಾ ಹೋಗಿ ಸುಣ್ಣ ಬರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಸಿಗುತ್ತದೆ. ಹನ್ನೆರಡು ಕ್ಯಾನ್ ತಂದೆ. ಅರವತ್ತು ರೂಪಾಯಿ. ಇಡೀ ಕೆಲಸದಲ್ಲಿ ಕಡಿಮೆ ಖರ್ಚಾಗಿದ್ದು ಇದಕ್ಕೇ.

ಬ್ಯಾಟರಿ ಕಳಚಿ, ಟ್ಯಾಂಕನ್ನೇ ಇಳಿಸಿದೆ. ಕೂರಿಸಿದ ಹಾಗೇ ತೊಳೆಯಲು ಹೋಗಬೇಡಿ, ಒಳಗಿನ ಅಡ್ಡ ತಗಡುಗಳ ಹಿಂದೆ ಕೈ ಹೋಗುವುದಿಲ್ಲ. ನೀರು ಕಾಯಿಸಿದ್ದು ಟ್ಯಾಂಕಿನಿಂದ ದೂರದಲ್ಲಿ, ಗೌಡರ ತೋಟದ ಮನೆಯ ಹಂಡೆಯಲ್ಲಿ. ಕೈ ಇಟ್ಟರೆ ತಡೆಯಲಾಗದಷ್ಟು ಬಿಸಿ, ಆದರೆ ಕುದಿಯುವಷ್ಟಲ್ಲ. ಒಂದು ಸಲಕ್ಕೆ 40 ಲೀಟರ್ ಹುಯ್ದು, ಹದಿನೈದು ನಿಮಿಷ ಬಿಟ್ಟು, ನಾಲ್ಕು ಜನ ಹಿಡಿದು ಅಲ್ಲಾಡಿಸಿ ಚೆಲ್ಲಿದೆವು. ಐದು ಸಲ. ಮೊದಲ ನೀರು ಹಾಲಿನ ಹಾಗೆ ಬಂತು, ಐದನೆಯದು ತಿಳಿಯಾಗಿತ್ತು. ಸಕ್ಷನ್ ಪೈಪಿನ ತುದಿಯ ಜಾಲರಿ ಮತ್ತು ಗೇಜಿನ ಫ್ಲೋಟ್ ಕಳಚಿ ಬೇರೆ ನೆನೆಹಾಕಿದೆ. ಜಾಲರಿ ಅರ್ಧಕ್ಕರ್ಧ ಕಟ್ಟಿತ್ತು.

ಆಮೇಲೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ತರಿಸಿ ಗಾಳಿ ಹೊಡೆಸಿದೆ. ಬಾಯಿ ಕೆಳಗೆ ಮಾಡಿ ಬಿಸಿಲಿಗೆ ಇಟ್ಟೆ. ಮಾಘದ ಬಿಸಿಲು, ಮಧ್ಯಾಹ್ನದೊಳಗೆ ಒಣಗಿತು. ಒಣಗಿದ ಕೂಡಲೇ ಡೀಸೆಲ್ ಸವರಬೇಕು, ಇಲ್ಲದಿದ್ದರೆ ಒಂದೇ ರಾತ್ರಿಗೆ ತುಕ್ಕು. ಕೊನೆಯ ಡೀಸೆಲ್ ತೊಳೆತಕ್ಕೆ ನಾನು ಇನ್ನೊಂದು ಸಾಮಾನು ಬೆರೆಸುತ್ತೇನೆ, ಉಳಿದ ಒಂದೆರಡು ಹನಿ ನೀರನ್ನೂ ಅದು ಎಳೆದುಕೊಂಡು ಬರುತ್ತದೆ. ಅದು ಏನು, ಎಷ್ಟು ಅಂತ ಇಲ್ಲಿ ಬರೆಯಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ಹಳೆ ಟ್ಯಾಂಕು ಹಾಳಾಗಿವೆ.

ಟ್ಯಾಂಕಿನಿಂದ ಫಿಲ್ಟರ್ ತನಕ ಪೈಪು, ಹ್ಯಾಂಡ್ ಪ್ರೈಮರ್, ಫೀಡ್ ಪಂಪು, ಫಿಲ್ಟರ್ ಹೆಡ್ಡು, ಎಲ್ಲಕ್ಕೂ ಇದೇ ಸ್ನಾನ. ಪಂಪು, ರೈಲು, ನಾಜಲ್ ಇರುವ ಹೈ ಪ್ರೆಷರ್ ಕಡೆಗೆ ಮಾತ್ರ ನೀರು ತಾಗಿಸಬೇಡಿ. ನಾಲ್ಕೂ ನಾಜಲ್ ಬಿಚ್ಚಿ ಹಾಸನದ ಪಂಪಿನ ಅಂಗಡಿಗೆ ಬೆಂಚ್ ಟೆಸ್ಟಿಗೆ ಕೊಟ್ಟೆ. ಮೂರು ಪಾಸು, ಒಂದು ಅಂಟಿಕೊಂಡಿತ್ತು. ರಿಪೇರಿಗೆ 16 ಸಾವಿರ. ಪಂಪು ಬಿಚ್ಚಿ ನೋಡಿದರು, ಗೆರೆ ಬಿದ್ದಿರಲಿಲ್ಲ. ರೈಲನ್ನು ಅವರೇ ಅವರ ಎಣ್ಣೆಯಲ್ಲಿ ತೊಳೆದುಕೊಟ್ಟರು.

ಎಲ್ಲಾ ಕೂರಿಸಿ ಮೂರನೇ ಸೆಟ್ ಫಿಲ್ಟರ್ ಹಾಕಿದೆ. ಒಂದು ದಿನ ಪೂರ್ತಿ ಓಡಿತು. ಎರಡನೇ ದಿನ ಮಧ್ಯಾಹ್ನ ಮತ್ತೆ ಪಿಕಪ್ ಬಿತ್ತು. ಡ್ರೈವರ್‌ಗಳು ನಕ್ಕರು. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೂ ಕೈ ಸೋತಿತ್ತು. ಫಿಲ್ಟರ್ ಕುಯ್ದರೆ ಅದೇ ಬಿಳಿ ಪುಡಿ, ಆದರೆ ತುಂಬಾ ಕಡಿಮೆ. ಟ್ಯಾಂಕಿಗೆ ಟಾರ್ಚ್ ಬಿಟ್ಟರೆ ಕನ್ನಡಿ ಹಾಗಿದೆ. ಹಾಗಾದರೆ ಎಲ್ಲಿಂದ ಬಂತು?

ರಿಟರ್ನ್ ಲೈನು! ನಾಜಲ್ ಮತ್ತು ಪಂಪಿನಿಂದ ಟ್ಯಾಂಕಿಗೆ ವಾಪಸ್ ಬರುವ ಪೈಪನ್ನು ನಾನು ತೊಳೆದೇ ಇರಲಿಲ್ಲ. ಎಲ್ಲರ ಕಣ್ಣೂ ಹೋಗುವ ಪೈಪಿನ ಮೇಲೆ ಇರುತ್ತದೆ, ಬರುವ ಪೈಪನ್ನು ಯಾರೂ ನೋಡಲ್ಲ. ಅಲ್ಲಿ ಡೀಸೆಲ್ ಬಿಸಿಯಾಗಿ ಬರುತ್ತದೆ. ನೀರು ಆರಿ ಹರಳು ಗಟ್ಟಿಯಾಗಿ ಕೂರುವುದಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಕಳಚಿ ಬಗ್ಗಿಸಿದರೆ ಒಳಗೆ ಕರಕರ ಸದ್ದು. ದಾರಿಯಲ್ಲಿದ್ದ ಸಣ್ಣ ಡೀಸೆಲ್ ಕೂಲರ್‌ನಲ್ಲೂ ಅದೇ. ಎರಡೂ ತುದಿ ಬಿಚ್ಚಿ ಬಿಸಿನೀರು ಬಿಟ್ಟು, ಗಾಳಿ ಹೊಡೆಸಿ, ಡೀಸೆಲ್ ಓಡಿಸಿದೆ. ಟ್ಯಾಂಕನ್ನೂ ಮತ್ತೊಂದು ಸಲ ತೊಳೆದೆ. ನಾಲ್ಕನೇ ಸೆಟ್ ಫಿಲ್ಟರ್. ಅದು 250 ಗಂಟೆ ಪೂರ್ತಿ ಓಡಿತು. ಬಿಚ್ಚಿದಾಗ ಬಿಳಿ ಬಣ್ಣದ ಸುಳಿವೂ ಇರಲಿಲ್ಲ.

ಖರ್ಚು ನೆನಪಿದ್ದಷ್ಟು: ಫಿಲ್ಟರ್‌ಗೆ 15 ಸಾವಿರ, ನಾಜಲ್ ಮತ್ತು ಪಂಪಿನ ಕೆಲಸ 22-23 ಸಾವಿರ, ಡೀಸೆಲ್ 8 ಸಾವಿರ, ಕೂಲಿ, ಗಾಡಿ ಓಡಾಟ ಇನ್ನೊಂದು 8 ಸಾವಿರ. 55 ಸಾವಿರದೊಳಗೆ ಮುಗಿಯಿತು. ಹತ್ತು ದಿನ ನಿಂತದ್ದಕ್ಕೆ ಬಾಡಿಗೆ ಕಡೆಯಿಂದ ಅಂದಾಜು 90 ಸಾವಿರ ಹೋಯಿತು. ಮೊದಲ ದಿನವೇ ನೀರಿನ ಯೋಚನೆ ಬಂದಿದ್ದರೆ ಐದು ದಿನ ಉಳಿಯುತ್ತಿತ್ತು. ಆದರೂ 4 ಲಕ್ಷ 80 ಸಾವಿರದ ಚೀಟಿ ಪಕ್ಕದಲ್ಲಿಟ್ಟು ನೋಡಿದರೆ ನಾನು ಗೆದ್ದೆ.

ತೆಗೆದ ಹಳೆ ಡೀಸೆಲ್ ಚೆಲ್ಲಲಿಲ್ಲ. ಬ್ಯಾರೆಲ್‌ನಲ್ಲಿ ಒಂದು ವಾರ ಬಿಟ್ಟೆ. ಯೂರಿಯಾ ತಳಕ್ಕೆ ಇಳಿಯಿತು. ಮೇಲಿನ ಡೀಸೆಲ್ ಸೋಸಿ ತೋಟದ ಹಳೆ ಸಿಂಗಲ್ ಸಿಲಿಂಡರ್ ಪಂಪ್‌ಸೆಟ್‌ಗೆ ಹಾಕಿದೆ, ತೊಂದರೆ ಇಲ್ಲದೆ ಓಡಿತು. ಅದನ್ನು ನೋಡಿ ಹೈ ಪ್ರೆಷರ್ ಪಂಪು, ರೈಲು ಇರುವ ಕಾಮನ್ ರೈಲ್ ಗಾಡಿಗೆ ಹಾಕಲು ಹೋಗಬೇಡಿ.

ಸುಮ್ನೆ ಕುತೂಹಲಕ್ಕೆ ಒಂದು ತಾಮ್ರದ ತಂತಿ, ಒಂದು ಹಿತ್ತಾಳೆ ನಟ್ಟು, ಒಂದು ಮೊಳೆಯನ್ನು ಯೂರಿಯಾದಲ್ಲಿ ನೆನೆಹಾಕಿ ಇಟ್ಟೆ. ಎರಡು ವಾರಕ್ಕೆ ತಾಮ್ರ ಇದ್ದ ಲೋಟ ನೀಲಿಗೆ ತಿರುಗಿತು, ಮೊಳೆ ತುಕ್ಕು ಹಿಡಿಯಿತು. ಅಂದಿನಿಂದ ಯೂರಿಯಾ ಹಾಕುವ ಆಲಿಕೆ ಕೂಡ ನಮ್ಮಲ್ಲಿ ಪ್ಲಾಸ್ಟಿಕ್ಕಿನದೇ. ಅನುಮಾನ ಬಂದರೆ ಟ್ಯಾಂಕಿನ ತಳದಿಂದ ನಾಲ್ಕು ಹನಿ ತೆಗೆದು, ಬಯಲಿನಲ್ಲಿ, ಗಾಡಿಯಿಂದ ದೂರ, ಬೇರೆ ತಗಡಿನ ಮೇಲೆ ಕಾಯಿಸುತ್ತೇನೆ. ಬರೀ ನೀರಾದರೆ ಆರಿಹೋಗುತ್ತದೆ. ಯೂರಿಯಾ ಇದ್ದರೆ ಬಿಳಿ ಕಲೆ ನಿಲ್ಲುತ್ತದೆ, ಇನ್ನೂ ಕಾಯಿಸಿದರೆ ಮೂಗಿಗೆ ಹೊಡೆಯುವ ಅಮೋನಿಯ ವಾಸನೆ.

ಇನ್ನೊಂದು ಮಾತು ಹೇಳಲೇಬೇಕು. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮದ ಬಿಎಸ್-6 ಟಿಪ್ಪರ್ ಬಂದ ಮೇಲೆ ಯೂರಿಯಾ ಕ್ಯಾನ್ ಇಲ್ಲದ ಸೈಟೇ ಇಲ್ಲ. ಕೆಲವರು ಅಂಗಡಿಯ ಗೊಬ್ಬರದ ಯೂರಿಯಾ ಕರಗಿಸಿ ಸ್ವಂತವಾಗಿ ಮಾಡಿಕೊಳ್ಳುತ್ತಾರೆ. 45 ಕೆಜಿಯ ಆ ಚೀಲ ರೈತರಿಗೆ ಅಂತ ಸಬ್ಸಿಡಿಯಲ್ಲಿ ಕೊಡುವುದು, ಅದಕ್ಕೆ ಬೇವಿನ ಎಣ್ಣೆ ಬೇರೆ ಸವರಿರುತ್ತದೆ. ಅದು ಸೈಲೆನ್ಸರ್ ಕಡೆ ಹೊಗೆ ಶುದ್ಧ ಮಾಡುವ ಕೆಟಲಿಸ್ಟ್ ಕೆಡಿಸುತ್ತದೆ. ಬಿತ್ತನೆ ಹೊತ್ತಿಗೆ ಗೊಬ್ಬರಕ್ಕೆ ಸಾಲು ನಿಂತ ಮನೆಯಿಂದ ಬಂದವನು ನಾನು. ಆ ಕೆಲಸ ಮಾಡಬೇಡಿ.

ಈಗ ನಮ್ಮ ಸೈಟಿನಲ್ಲಿ ಡೀಸೆಲ್ ಬರುವುದು ಕಬ್ಬಿಣದ ಬ್ಯಾರೆಲ್‌ನಲ್ಲಿ ಮಾತ್ರ. ಖಾಲಿ ಯೂರಿಯಾ ಕ್ಯಾನ್ ಆದ ಕೂಡಲೇ ತೂತು ಹೊಡೆಯುತ್ತೇವೆ. ಆದರೂ ಯಾರಾದರೂ ಕ್ಯಾನ್‌ನಲ್ಲಿ ಡೀಸೆಲ್ ತಂದರೆ ಗೊತ್ತಾಗಲಿ ಅಂತ ಹುಡುಗನಿಗೆ ಕ್ಯಾನ್ ಎತ್ತಿ ನೋಡುವುದನ್ನು ಕಲಿಸಿದ್ದೇನೆ: ತುಂಬಿದ ಡೀಸೆಲ್ ಕ್ಯಾನ್ 17 ಕೆಜಿ ಹತ್ತಿರ, ಯೂರಿಯಾ 22. ಈಗ ಅವನು ಕಣ್ಣು ಮುಚ್ಚಿಕೊಂಡು ಎತ್ತಿದರೂ ಹೇಳುತ್ತಾನೆ. ಅವನೇ ಈಗ ಲೋಡರ್‌ನ ಹಗಲು ಪಾಳಿಯ ಆಪರೇಟರ್.

ನನ್ನದಾದ ಮೇಲೆ ಮೂರು ಗಾಡಿ ಹೀಗೇ ತೊಳೆದುಕೊಟ್ಟಿದ್ದೇನೆ, ಎರಡು ಟಿಪ್ಪರ್, ಒಂದು ಗ್ರೇಡರ್. ಎರಡು ಸ್ಟಾರ್ಟ್ ಮಾಡದೇ ನಿಲ್ಲಿಸಿದ್ದವು, ಒಂದೇ ದಿನದ ಕೆಲಸ. ಮೂರನೆಯದನ್ನು ಎರಡು ದಿನ ಓಡಿಸಿದ್ದರು, ಅದರ ಪಂಪು ಉಳಿಯಲಿಲ್ಲ. ನಾಳಿದ್ದು ಬಾಣಾವರದ ಕಡೆಯಿಂದ ಇನ್ನೊಂದು ಟಿಪ್ಪರ್ ಬರುತ್ತಿದೆ. ಕೀ ತಿರುಗಿಸಿಲ್ಲವಂತೆ. ನೀರಿನ ಕ್ಯಾನ್ ತುಂಬಿಸಲು ಹುಡುಗನ ಕೈಗೆ ಐದರ ನಾಣ್ಯ ಕೊಟ್ಟು ಕಳಿಸಿದ್ದೇನೆ.