ವಿಮೆಂಟಿನ್ ಬಲೆಯನ್ನು ಕಣ್ಣಾರೆ ನೋಡುವ ಬಗೆ

ಹೊಸದಾಗಿ ಲ್ಯಾಬಿಗೆ ಬಂದವರಿಗೆ ಸೈಟೋಸ್ಕೆಲಿಟನ್ (ಕೋಶಕ್ಕೆ ಆಕಾರ ಕೊಡುವ ಪ್ರೋಟೀನ್ ಎಳೆಗಳ ಹಂದರ) ತೋರಿಸುವಾಗ ನಾನು ಆಕ್ಟಿನ್‌ನಿಂದ ಶುರು ಮಾಡುವುದಿಲ್ಲ, ವಿಮೆಂಟಿನ್‌ನಿಂದ ಮಾಡುತ್ತೇನೆ. ಆಕ್ಟಿನ್, ಮೈಕ್ರೋಟ್ಯೂಬ್ಯೂಲ್ ಎರಡೂ ನಾಜೂಕು, ಕೈ ಸ್ವಲ್ಪ ತಪ್ಪಿದರೂ ಕೆಡುತ್ತವೆ. ವಿಮೆಂಟಿನ್ ಸೇರಿರುವ ಮೂರನೆಯ ಬಗೆಯ ಎಳೆ, ಇಂಟರ್‌ಮೀಡಿಯೇಟ್ ಫಿಲಮೆಂಟ್, ಹಾಗಲ್ಲ. ಉಪ್ಪು, ಡಿಟರ್ಜೆಂಟ್ ಹಾಕಿ ಕೋಶವನ್ನು ತೊಳೆದರೂ ಕೊನೆಗೆ ಉಳಿಯುವುದು ಅದೇ.

ಈ ಗಟ್ಟಿತನ ಅದರ ಹೆಣಿಗೆಯಲ್ಲೇ ಇದೆ. ಎರಡು ಪ್ರೋಟೀನ್ ಎಳೆಗಳು ಹುರಿ ಹೊಸೆದಂತೆ ಒಂದನ್ನೊಂದು ಸುತ್ತಿಕೊಳ್ಳುತ್ತವೆ. ಅಂಥ ಎರಡು ಜೋಡಿಗಳು ಒಂದರ ತಲೆಯ ಕಡೆ ಇನ್ನೊಂದರ ಬಾಲ ಬರುವಂತೆ ಎದುರುಬದುರಾಗಿ ಕೂಡುತ್ತವೆ. ಹಾಗಾಗಿ ತಂತುವಿಗೆ ಹಿಂದು-ಮುಂದು ಎಂಬುದೇ ಇಲ್ಲ. ಇಂಥ ಎಂಟು ಕಂತೆಗಳು ಪಕ್ಕಪಕ್ಕ ಸೇರಿ ಸುಮಾರು 60 ನ್ಯಾನೋಮೀಟರ್ ಉದ್ದದ ತುಂಡಾಗುತ್ತವೆ, ತುಂಡುಗಳು ತುದಿಗೆ ತುದಿ ಬೆಸೆದು 10 ನ್ಯಾನೋಮೀಟರ್ ದಪ್ಪದ ತಂತುವಾಗುತ್ತದೆ. ಈ ಜೋಡಣೆಗೆ ಕೋಶದ ಇಂಧನಗಳಾದ ಎಟಿಪಿಯೂ ಬೇಡ, ಜಿಟಿಪಿಯೂ ಬೇಡ. ಇದು ಬರೀ ಚೆಂದದ ರಚನೆ ಅಂದುಕೊಳ್ಳಬೇಡಿ. ಚರ್ಮದ ತಳಪದರದಲ್ಲಿರುವ, ಇದೇ ಗುಂಪಿನ ಪ್ರೋಟೀನಾದ ಕೆರಟಿನ್ 5 ಅಥವಾ 14ರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಸಾಕಾಗಬಹುದು, ತುಸು ಉಜ್ಜಿದರೆ ಚರ್ಮದ ಮೇಲೆ ಗುಳ್ಳೆ ಏಳುತ್ತದೆ.

ಬಲೆಯನ್ನು ನೋಡುವ ದಾರಿ ಇದು: ವಿಮೆಂಟಿನ್ ಹಿಡಿಯುವ ಆಂಟಿಬಾಡಿ ಹಾಕಿ, ಅದಕ್ಕೆ ಹೊಳೆಯುವ ಬಣ್ಣ ಸೇರಿಸಿ, ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮೊದಲು ಕೋಶ. ಮನುಷ್ಯನ ಚರ್ಮದ ಫೈಬ್ರೋಬ್ಲಾಸ್ಟ್ (ಸಂಯೋಜಕ ಅಂಗಾಂಶದ ಕೋಶ) ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ: ಅಗಲವಾಗಿ, ತೆಳ್ಳಗೆ ಹರಡಿಕೊಂಡಿರುತ್ತದೆ. ಹೀಲಾ ಎಂಬ ಮನುಷ್ಯನ ಕ್ಯಾನ್ಸರ್ ಕೋಶವೂ ಆಗುತ್ತದೆ. ಜೊತೆಗೆ ಒಂದು ಕವರ್‌ಸ್ಲಿಪ್ (ತೆಳು ಗಾಜಿನ ಚೂರು) ಮೇಲೆ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶ ಬೆಳೆಸಿ. ಅದರಲ್ಲಿ ಕೆರಟಿನ್ ಇದೆ, ವಿಮೆಂಟಿನ್ ಇಲ್ಲ, ಆದ್ದರಿಂದ ಅದು ಕಪ್ಪಾಗಿಯೇ ಉಳಿಯಬೇಕು. ಕವರ್‌ಸ್ಲಿಪ್ 0.17 ಮಿಲಿಮೀಟರ್ ದಪ್ಪದ್ದಿರಲಿ. ಕೋಶಗಳು ಅರ್ಧ ಜಾಗ ತುಂಬಿದಾಗಲೇ ಕೆಲಸ ಶುರು ಮಾಡಿ, ಒತ್ತೊತ್ತಾಗಿ ಬೆಳೆದರೆ ಬಲೆ ಬಿಡಿಸಿ ಕಾಣುವುದಿಲ್ಲ.

ಆಮೇಲೆ ಆಂಟಿಬಾಡಿ. ಇಲ್ಲಿ ನಾನು ಎರಡು ವಾರ ಕಳೆದುಕೊಂಡಿದ್ದೇನೆ. ವಿ9 ಎಂಬ ಹೆಸರಾಂತ ಕ್ಲೋನಿನ ಆಂಟಿಬಾಡಿ ಹಿಡಿದು ಇಲಿಯ 3ಟಿ3 ಕೋಶಗಳಿಗೆ ಹಾಕಿದೆ. ಏನೂ ಕಾಣಲಿಲ್ಲ. ಸಾಂದ್ರತೆ ಹೆಚ್ಚಿಸಿದೆ, ರಾತ್ರಿಯಿಡೀ ಬಿಟ್ಟೆ, ದೀಪವನ್ನೇ ಅನುಮಾನಿಸಿದೆ. ವಿ9 ತಯಾರಾಗಿದ್ದೇ ಇಲಿಯ ದೇಹದಲ್ಲಿ, ಹಂದಿಯ ಕಣ್ಣಿನ ಮಸೂರದ ವಿಮೆಂಟಿನ್ ವಿರುದ್ಧ. ಅದು ಮನುಷ್ಯನ ವಿಮೆಂಟಿನ್ ಹಿಡಿಯುತ್ತದೆ, ಇಲಿಯದನ್ನು ಹಿಡಿಯುವುದಿಲ್ಲ. ಯಾವ ಪ್ರಾಣಿಯ ಕೋಶಕ್ಕೆ ಆಗುತ್ತದೆ ಎಂಬ ಸಾಲನ್ನು ಓದದೆ ಬಾಟಲಿ ತೆರೆಯಬೇಡಿ.

ಇನ್ನು ಫಿಕ್ಸ್ ಮಾಡುವುದು, ಅಂದರೆ ಕೋಶವನ್ನು ಇದ್ದ ಹಾಗೆಯೇ ಹಿಡಿದು ನಿಲ್ಲಿಸುವುದು. ಇಡೀ ಪ್ರಯೋಗದ ಗೆಲುವು-ಸೋಲು ಇಲ್ಲೇ. ಮೆಥನಾಲನ್ನು ಹಿಂದಿನ ದಿನವೇ ಮೈನಸ್ 20 ಡಿಗ್ರಿ ಫ್ರೀಜರಿನಲ್ಲಿಡಿ. ಕೋಶ ಬೆಳೆದ ದ್ರವ (ಮೀಡಿಯಂ) ತೆಗೆದು, ಕವರ್‌ಸ್ಲಿಪ್ಪನ್ನು ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಒಮ್ಮೆ ಅದ್ದಿ, ಅಂಚನ್ನು ಟಿಶ್ಯೂಗೆ ತಾಗಿಸಿ, ಒಣಗುವ ಮೊದಲೇ ತಣ್ಣನೆಯ ಮೆಥನಾಲಿಗೆ ಇಳಿಸಿ ಐದು ನಿಮಿಷ ಬಿಡಿ. ಆವಿ ಹೀರುವ ಫ್ಯೂಮ್ ಹುಡ್‌ನೊಳಗೇ ಮಾಡಿ, ಮೆಥನಾಲ್ ವಿಷ. ಅದು ಕೊಬ್ಬನ್ನು ಕರಗಿಸಿ ಪೊರೆಯನ್ನು ತೂತು ಮಾಡುವುದರಿಂದ ಬೇರೆ ಡಿಟರ್ಜೆಂಟ್ ಬೇಡ. ಆದರೆ ಇದೇ ಸ್ಲೈಡಿನಲ್ಲಿ ಆಕ್ಟಿನ್‌ಗೆ ಅಂಟುವ ಫ್ಯಾಲಾಯ್ಡಿನ್ ಹಾಕಿ ಆಕ್ಟಿನ್ ನೋಡುವ ಆಸೆ ಬಿಡಬೇಕು, ಮೆಥನಾಲಾದ ಮೇಲೆ ಅದು ಸರಿಯಾಗಿ ಅಂಟುವುದಿಲ್ಲ. ಎರಡೂ ಬೇಕೆಂದರೆ 4% ಫಾರ್ಮಾಲ್ಡಿಹೈಡ್ 15 ನಿಮಿಷ, ನಂತರ 0.2% ಟ್ರೈಟನ್ ಡಿಟರ್ಜೆಂಟ್ 10 ನಿಮಿಷ.

ಪಿಬಿಎಸ್‌ನಲ್ಲಿ ಮೂರು ಸಲ ತೊಳೆದು, ಆಂಟಿಬಾಡಿ ಸಿಕ್ಕಸಿಕ್ಕಲ್ಲಿ ಅಂಟದಂತೆ 3% ಬಿಎಸ್‌ಎ (ದನದ ರಕ್ತದ ಪ್ರೋಟೀನ್) ದ್ರಾವಣದಲ್ಲಿ ಅರ್ಧ ಗಂಟೆ ಇಡಿ. ಒದ್ದೆ ಟಿಶ್ಯೂ ಹಾಸಿದ ಮುಚ್ಚಳದ ಡಬ್ಬಿಯಲ್ಲಿ ಪ್ಯಾರಾಫಿಲ್ಮ್ ಹರಡಿ, ಅದರ ಮೇಲೆ 40 ಮೈಕ್ರೋಲೀಟರ್ ಆಂಟಿಬಾಡಿಯ ಹನಿ ಬಿಟ್ಟು, ಕೋಶಗಳಿರುವ ಮುಖ ಕೆಳಗಾಗುವಂತೆ ಕವರ್‌ಸ್ಲಿಪ್ ಮಲಗಿಸಿ. ಒಂದು ಗಂಟೆಯ ನಂತರ ಅದನ್ನು ಫೋರ್ಸೆಪ್ಸ್‌ನಿಂದ ಕೀಳಲು ಹೋಗಬೇಡಿ. ಅಂಚಿಗೆ ಪಿಪೆಟ್ ತಾಗಿಸಿ ಪಿಬಿಎಸ್ ಮೆಲ್ಲಗೆ ಒಳಗೆ ಬಿಡಿ. ಗಾಜು ತಾನೇ ತೇಲಿ ಮೇಲೆ ಬರುತ್ತದೆ, ಆಗ ಹಿಡಿದೆತ್ತಿ. ಎಳೆದು ತೆಗೆದರೆ ಅಂಚಿನ ಕೋಶಗಳು ಸಾಲಾಗಿ ಹರಿದುಹೋಗಿರುತ್ತವೆ.

ಮತ್ತೆ ಮೂರು ಸಲ ತೊಳೆದು, ಮೊದಲ ಆಂಟಿಬಾಡಿಗೆ ಅಂಟುವ, ಬಣ್ಣ ಕಟ್ಟಿದ ಸೆಕೆಂಡರಿ ಆಂಟಿಬಾಡಿಯನ್ನು ಕತ್ತಲಲ್ಲಿ 45 ನಿಮಿಷ, ನ್ಯೂಕ್ಲಿಯಸ್ಸಿಗೆ ಬಣ್ಣ ಕೊಡುವ ಡಾಪಿಯನ್ನು 5 ನಿಮಿಷ ಇಡಿ. ಒಂದು ಕವರ್‌ಸ್ಲಿಪ್‌ಗೆ ಸೆಕೆಂಡರಿ ಮಾತ್ರ ಹಾಕಿ. ಅದು ಹೊಳೆದರೆ ಉಳಿದ ಯಾವುದನ್ನೂ ನಂಬಬಾರದು. ಕೊನೆಗೆ ನೀರಿನಲ್ಲಿ ಒಮ್ಮೆ ಅದ್ದಿ ಸ್ಲೈಡಿನ ಮೇಲೆ ಕೂರಿಸಿ (ಮೌಂಟ್ ಮಾಡಿ), ಇಲ್ಲದಿದ್ದರೆ ಉಪ್ಪಿನ ಹರಳು ಕೂರುತ್ತದೆ.

60 ಪಟ್ಟು ಹಿಗ್ಗಿಸುವ ಆಯಿಲ್ ಲೆನ್ಸ್ ಹಾಕಿ, ಕ್ಯಾಮೆರಾಕ್ಕೆ ಮೊದಲು ಕಣ್ಣಿನಿಂದಲೇ ನೋಡಿ. ನ್ಯೂಕ್ಲಿಯಸ್ ಸುತ್ತ ದಟ್ಟವಾಗಿ, ಅಂಚಿನ ಕಡೆಗೆ ವಿರಳವಾಗುತ್ತ ಹೋಗುವ ಅಲೆಅಲೆಯಾದ ಎಳೆಗಳು. ಬಾಚದ ಕೂದಲಿನ ಹಾಗೆ. ಮೈಕ್ರೋಟ್ಯೂಬ್ಯೂಲ್ ಇದಕ್ಕಿಂತ ನೆಟ್ಟಗೆ ಸಾಗುತ್ತದೆ. ಒಂದು ಎಚ್ಚರಿಕೆ: ಚಿತ್ರದಲ್ಲಿ ಕಾಣುವ ಎಳೆಯ ದಪ್ಪ ಅಳೆಯಬೇಡಿ. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರದ್ದನ್ನು ಬಿಡಿಸಿ ತೋರಿಸಲಾರದು. ನಿಮಗೆ ಒಂದೆಂದು ಕಂಡ ಎಳೆ ಹಲವು ತಂತುಗಳ ಕಟ್ಟಾಗಿರಬಹುದು.

ಇಷ್ಟು ಕೈಗೆ ಬಂದ ಮೇಲೆ ಒಂದು ಸಣ್ಣ ಪ್ರಯೋಗ ಮಾಡಲೇಬೇಕು. ಫಿಕ್ಸ್ ಮಾಡುವ ಮೂರು ಗಂಟೆ ಮೊದಲು, ಕೈಗವಸು ಹಾಕಿಕೊಂಡು, ಒಂದು ತಟ್ಟೆಗೆ 10 ಮೈಕ್ರೋಮೋಲಾರ್ ನೊಕೊಡಜೋಲ್, ಇನ್ನೊಂದಕ್ಕೆ ಅದರ ದ್ರಾವಕವಾದ ಡಿಎಂಎಸ್‌ಒ ಮಾತ್ರ ಅದೇ ಅಳತೆಯಲ್ಲಿ ಹಾಕಿ. ನೊಕೊಡಜೋಲ್ ಕರಗಿಸುವುದು ಮೈಕ್ರೋಟ್ಯೂಬ್ಯೂಲನ್ನು, ವಿಮೆಂಟಿನನ್ನಲ್ಲ. ಆದರೂ ವಿಮೆಂಟಿನ್ ಬಲೆ ಅಂಚುಗಳಿಂದ ಹಿಂದೆ ಸರಿದು ನ್ಯೂಕ್ಲಿಯಸ್ ಪಕ್ಕದಲ್ಲಿ ಮುದ್ದೆಯಾಗಿ ಕೂತಿರುತ್ತದೆ. ವಿಮೆಂಟಿನ್ ತಂತುವಿನ ಮೇಲೆ ನಡೆಯುವ ಮೋಟಾರ್ ಪ್ರೋಟೀನ್ ಯಾವುದೂ ಇಲ್ಲ, ನಿಜ. ಆದರೆ ಕೈನೇಸಿನ್ ಎಂಬ ಮೋಟಾರ್ ಪ್ರೋಟೀನ್ ಈ ತಂತುಗಳನ್ನೇ ಹೊತ್ತು ಮೈಕ್ರೋಟ್ಯೂಬ್ಯೂಲ್ ದಾರಿಯಲ್ಲಿ ಅಂಚಿಗೆ ಒಯ್ಯುತ್ತಿರುತ್ತದೆ. ದಾರಿ ಹೋಯಿತು, ಬಲೆ ಮುದುಡಿತು. ಎರಡೂ ಸ್ಲೈಡುಗಳನ್ನು ಒಂದೇ ಎಕ್ಸ್‌ಪೋಷರ್‌ನಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡಿ.