ಕೀಮೋ ನಡುವೆ ಜ್ವರವೇ? ಡೋಲೋಗಿಂತ ಮೊದಲು ಥರ್ಮಾಮೀಟರ್

ಸ್ತನ ಕ್ಯಾನ್ಸರ್‌ಗೆ ಮೂರು ವಾರಕ್ಕೊಮ್ಮೆ ಕೀಮೋ ನಡೆಯುತ್ತಿದ್ದರೆ, ಗೋಡೆಯ ಕ್ಯಾಲೆಂಡರ್‌ನಲ್ಲಿ ಕೀಮೋ ದಿನದಿಂದ ಎಣಿಸಿ 7ರಿಂದ 14ನೇ ದಿನದವರೆಗೆ ಕೆಂಪು ಗೆರೆ ಎಳೆಯಿರಿ. ಸೋಂಕನ್ನು ತಡೆಯುವ ಬಿಳಿ ರಕ್ತಕಣಗಳು ತೀರಾ ಇಳಿಯುವುದು ಸಾಮಾನ್ಯವಾಗಿ ಆಗಲೇ. ವಾಂತಿ ನಿಂತು ಊಟ ಸೇರಿತೆಂದು ಜನ ಮದುವೆ ಮನೆಗೆ ಹೊರಡುವುದೂ ಅದೇ ವಾರ.

ಕೈತೊಳೆಯುವುದು ಗೊತ್ತೇ ಇದೆ: ಸೋಪು, 20 ಸೆಕೆಂಡು, ನೋಡಲು ಬಂದವರಿಗೂ. ಬಾಯಿಗೆ ಮೆತ್ತನೆಯ ಬ್ರಷ್. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕು ಸಲ ಮುಕ್ಕಳಿಸಿ. ಉರಿಯುವ ಆಲ್ಕೋಹಾಲ್ ಮೌತ್‌ವಾಶ್ ದುಡ್ಡು ದಂಡ. ಊಟ ಬಿಸಿಬಿಸಿ ಇರಲಿ, ಬೆಳಗಿನ ಕಾಯಿಚಟ್ನಿ ರಾತ್ರಿಗೆ ಬೇಡ. ಹಣ್ಣನ್ನೇ ಬಿಡಿಸುವ ಪಥ್ಯಕ್ಕೆ ಗಟ್ಟಿ ಪುರಾವೆಯಿಲ್ಲ. ತೊಳೆದು ಸುಲಿದು ತಿನ್ನಿ.

ಎಡವಟ್ಟಾಗುವುದು ಜ್ವರದಲ್ಲಿ. ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಹಣೆಗೆ ಹಿಡಿಯುವ ಗನ್ ನಂಬಬೇಡಿ. ನಾಲಿಗೆಯಡಿ ಇಟ್ಟು, ಬಾಯಿ ಮುಚ್ಚಿ, ಬೀಪ್ ಬರುವವರೆಗೆ ಕಾಯಿರಿ. ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು ನೋಡಿ. ಬಾಯಿ ಹುಣ್ಣಾಗಿದ್ದರೆ ಕಂಕುಳು ಆಗಬಹುದು, ಆದರೆ ಅಲ್ಲಿ ಕಡಿಮೆ ತೋರಿಸುತ್ತದೆ. ಡಾಕ್ಟರಿಗೆ ಅದನ್ನೂ ಹೇಳಿ. ಗುದದ್ವಾರದಲ್ಲಿ ಮಾತ್ರ ಬೇಡವೇ ಬೇಡ, ಸಣ್ಣ ಗೀರೂ ಸೋಂಕಿಗೆ ದಾರಿ.

100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೇ, ದಾಟಿತೇ? ರಾತ್ರಿ ಎರಡಾದರೂ ಆಸ್ಪತ್ರೆಗೆ ಹೊರಡಿ. ಜ್ವರವಿಲ್ಲದೆ ಗಡಗಡ ನಡುಕ ಬಂದರೂ ಅಷ್ಟೇ. ಬಿಳಿ ರಕ್ತಕಣಗಳೇ ಇಲ್ಲದಾಗ ಕೀವು, ಕೆಂಪು ಕಾಣದಿರಬಹುದು. ಎಷ್ಟೋ ಸಲ ಜ್ವರವೊಂದೇ ಸುಳಿವು. ಡೋಲೋ ನುಂಗಿದರೆ ಅದೂ ಅಳಿಸಿಹೋಗುತ್ತದೆ, ಸೋಂಕು ಮಾತ್ರ ರಕ್ತದಲ್ಲಿ ಬೆಳೆಯುತ್ತಲೇ ಇರುತ್ತದೆ. ಕೆಲವೇ ಗಂಟೆಗಳಲ್ಲಿ ಬಿಪಿ ಕುಸಿಯಬಹುದು. ಡಬ್ಬಿಯಲ್ಲಿ ಉಳಿದ ಹಳೆಯ ಆ್ಯಂಟಿಬಯೋಟಿಕ್, ಬೀದಿ ಕ್ಲಿನಿಕ್ಕಿನ ಸೊಂಟದ ಇಂಜೆಕ್ಷನ್ ಎರಡೂ ಬೇಡ. ಕ್ಯಾಶುವಲ್ಟಿಯಲ್ಲಿ ಚೀಟಿ ಸಾಲಿಗೆ ನಿಲ್ಲದೆ ಫೈಲ್ ತೋರಿಸಿ, ‘ಕೀಮೋ ಆಗಿ ಹತ್ತನೇ ದಿನ, ಜ್ವರ 101’ ಎನ್ನಿ. ಯಾವ ರೋಗಾಣು ಎಂದು ಪತ್ತೆಹಚ್ಚುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು, ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ನರಕ್ಕೆ ಹೋಗಬೇಕು.

ಬಿಳಿ ರಕ್ತಕಣ ಹೆಚ್ಚಿಸುವ ಪೆಗ್‌ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಬರೆದಿದ್ದರೆ, ಇನ್ನೊಮ್ಮೆ ಆಸ್ಪತ್ರೆಗೆ ಬರುವುದು ತಪ್ಪಲಿ ಎಂದು ಕೀಮೋ ದಿನವೇ ಹಾಕಿಸಬೇಡಿ; 24 ಗಂಟೆ ಕಳೆಯಬೇಕು. ಅಲ್ಲಿಯವರೆಗೆ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಲ್ಲ. ಅದರಿಂದ ಸೊಂಟ, ಕಾಲಿನ ಮೂಳೆ ನೋಯಬಹುದು. ಆ ನೋವಿಗೆ ಡಾಕ್ಟರು ಹೇಳಿದ ಮಾತ್ರೆ ನುಂಗುವ ಮುಂಚೆಯೂ ಒಮ್ಮೆ ಜ್ವರ ನೋಡಿ, ಹೊತ್ತಿನ ಸಮೇತ ಕ್ಯಾಲೆಂಡರ್‌ನಲ್ಲಿ ಬರೆದಿಡಿ.